ಅಡ್ಡ ಬರುವ ಎಡಗೈ

ನನ್ನ ಸರ್ವ್ ಇನ್ನು ನಡೆಯುವುದಿಲ್ಲ ಎಂಬ ಸುದ್ದಿ ಬಂದಾಗ ನಾನು ಚಾಮರಾಜಪೇಟೆಯ ನಮ್ಮ ಬ್ಯಾಂಕಿನ ಕೌಂಟರಿನಲ್ಲಿ ಕೂತು ಒಬ್ಬ ಅಜ್ಜಿಯ ಪಾಸ್‌ಬುಕ್ಕಿಗೆ ಎಂಟ್ರಿ ಹಾಕುತ್ತಿದ್ದೆ. ಫೋನ್ ಮಾಡಿದ್ದವರು ನಮ್ಮ ಬ್ಯಾಂಕಿನ ಟೇಬಲ್ ಟೆನಿಸ್ ತಂಡದ ಕೋಚ್.

"ರೂಲ್ ಬಂದ್ಬಿಡ್ತು ಕಣಮ್ಮ. ಇನ್ಮೇಲೆ ಎಡಗೈ ಅಡ್ಡ ಇಟ್ಕೊಂಡು ಸರ್ವ್ ಮಾಡೋ ಹಾಗಿಲ್ಲ. ಎದುರಿನವರಿಗೆ ಚೆಂಡು ಪೂರ್ತಿ ಕಾಣಿಸ್ಬೇಕು."

"ಆಯ್ತು ಸರ್, ಕೈ ತೆಗೆದ್ರೆ ಆಯ್ತಲ್ಲ," ಎಂದು ಫೋನ್ ಇಟ್ಟೆ.

ಕೈ ತೆಗೆದರೆ ಆಯ್ತಲ್ಲ! ಅದೆಷ್ಟು ಸಲೀಸಾಗಿ ಅಂದುಬಿಟ್ಟೆ ಎಂದು ನೆನೆದರೆ ಇವತ್ತಿಗೂ ನನಗೆ ನಗುವೂ ಬರುತ್ತದೆ, ಮೈಯೂ ಉರಿಯುತ್ತದೆ.

ಇದು ಎರಡು ಸಾವಿರದ ಎರಡರ ಸುಮಾರಿನ ಮಾತು. ಅದಕ್ಕೆ ಸ್ವಲ್ಪ ಮುಂಚೆಯೇ ಚೆಂಡು ದಪ್ಪಗಾಗಿತ್ತು, ಇಪ್ಪತ್ತೊಂದು ಪಾಯಿಂಟಿನ ಆಟ ಹನ್ನೊಂದಕ್ಕೆ ಇಳಿದಿತ್ತು. ಅದನ್ನೆಲ್ಲ ಹೇಗೋ ನುಂಗಿಕೊಂಡಿದ್ದೆ. ಆದರೆ ಸರ್ವ್ ನನ್ನ ಅನ್ನ. ನಾನು ಎತ್ತರ ಇಲ್ಲ, ಕಾಲು ಚುರುಕಿಲ್ಲ, ಬ್ಯಾಕ್‌ಹ್ಯಾಂಡ್ ಸುಮಾರು. ಚಿಕ್ಕಂದಿನಿಂದ ನನ್ನ ಹತ್ತಿರ ಇದ್ದದ್ದು ಒಂದೇ ವಿದ್ಯೆ. ಎಡಗೈಯಿಂದ ಚೆಂಡು ಮೇಲಕ್ಕೆ ಎಸೆದು, ಅದೇ ಎಡಗೈಯನ್ನು ಎದೆಯ ಮುಂದೆ ಅಡ್ಡ ಹಿಡಿದು, ಅದರ ಮರೆಯಲ್ಲಿ ಚೆಂಡಿಗೆ ಬ್ಯಾಟ್ ತಾಗಿಸುತ್ತಿದ್ದೆ. ಒಂದು ಸಲ ಚೆಂಡಿನ ಅಡಿಯನ್ನು ಕೆರೆದು ಸ್ಪಿನ್ ಕೊಡುತ್ತಿದ್ದೆ, ಇನ್ನೊಂದು ಸಲ ಕೆರೆದ ಹಾಗೆ ಮಾಡಿ ಸುಮ್ಮನೆ ತಳ್ಳುತ್ತಿದ್ದೆ. ಎದುರಿನವರಿಗೆ ಯಾವುದು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಒಂದನ್ನು ನೆಟ್ಟಿಗೆ ಹೊಡೆಯುತ್ತಿದ್ದರು, ಇನ್ನೊಂದನ್ನು ಆಕಾಶಕ್ಕೆ ಎತ್ತುತ್ತಿದ್ದರು. ಸ್ಪೋರ್ಟ್ಸ್ ಕೋಟಾದಲ್ಲಿ ನನಗೆ ಬ್ಯಾಂಕ್ ಕೆಲಸ ಕೊಡಿಸಿದ್ದೂ ಆ ಸರ್ವ್, ಅಷ್ಟು ವರ್ಷ ಬೆಂಗಳೂರಿನಲ್ಲಿ ಉಳಿಸಿದ್ದೂ ಅದೇ.

ಉಳಿಸಿದ್ದು ಎಂದರೆ ಹೇಗೆ ಅಂತ ಹೇಳಿಬಿಡುತ್ತೇನೆ. ಹೆಂಗಸರ ತಂಡದಲ್ಲಿ ಮೂರು ಜನ. ಆ ಮೂವರಿಗೆ ಮಧ್ಯಾಹ್ನದವರೆಗೆ ಮಾತ್ರ ಕೆಲಸ, ಆಮೇಲೆ ಪ್ರಾಕ್ಟೀಸು, ವರ್ಗಾವಣೆ ಇಲ್ಲ. ತಂಡದಿಂದ ಹೊರಬಿದ್ದವರು ಮಾಮೂಲಿ ಗುಮಾಸ್ತರು, ಎಲ್ಲಿಗೆ ಹಾಕಿದರೆ ಅಲ್ಲಿಗೆ ಹೋಗಬೇಕು. ನನ್ನವರು ಮನೆಯ ಹತ್ತಿರವೇ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದರು, ಮದುವೆಗಳಿಗೆ ವಿಡಿಯೋ ತೆಗೆಯುತ್ತಿದ್ದರು. ಅಂಗಡಿಯನ್ನು ಹೊತ್ತುಕೊಂಡು ಊರೂರು ಸುತ್ತುವುದಕ್ಕೆ ಆಗುತ್ತದೆಯೇ? ಮಗಳು ಎರಡನೇ ಕ್ಲಾಸು. ವರ್ಷದ ಕೊನೆಗೆ ಆಯ್ಕೆಯ ಪಂದ್ಯಗಳು. ಆ ವರ್ಷ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳೂ ಇದ್ದುದರಿಂದ ಮೂರು ಜಾಗಕ್ಕೆ ನಾಲ್ಕು ಜನ ಆಗಿದ್ದೆವು. ಆಯ್ಕೆಯವರೆಗೆ ಅವಳಿಗೂ ಮಧ್ಯಾಹ್ನದ ಮೇಲೆ ಬಿಡುವು ಕೊಟ್ಟಿದ್ದರು.

ನಾವು ಆಡುತ್ತಿದ್ದದ್ದು ಬಸವನಗುಡಿಯ ಒಂದು ಹಳೆಯ ಕ್ಲಬ್ಬಿನ ಹಾಲ್‌ನಲ್ಲಿ. ಮೊದಲ ವಾರ ಏನು ಮಾಡಿದರೂ ಆಗಲಿಲ್ಲ. ಎಸೆದ ತಕ್ಷಣ ಕೈ ತೆಗೆಯಬೇಕು ಎಂದು ಮನಸ್ಸಿನಲ್ಲೇ ಜಪ ಮಾಡಿಕೊಂಡು ಎಸೆಯುತ್ತಿದ್ದೆ. ಕೈ ತೆಗೆದರೆ ಭುಜ ತಿರುಗುತ್ತಿತ್ತು, ಭುಜ ತಿರುಗಿದರೆ ಸೊಂಟ, ಅಷ್ಟರಲ್ಲಿ ಚೆಂಡು ಕೆಳಗಿಳಿದು ಬ್ಯಾಟಿನ ಅಂಚಿಗೆ ಬಡಿಯುತ್ತಿತ್ತು. ಇಷ್ಟು ವರ್ಷ ಆಡಿದವಳು ಮೊದಲ ದಿನ ಬ್ಯಾಟು ಹಿಡಿದವಳ ಹಾಗೆ ನೆಟ್ಟಿಗೆ ಹೊಡೆಯುತ್ತಾ ನಿಂತಿದ್ದೆ. ಪಕ್ಕದ ಟೇಬಲ್ಲಿನ ಮಕ್ಕಳು ಕಿಸಿಕಿಸಿ ನಗುವುದು ಕೇಳಿಸುತ್ತಿತ್ತು.

ಆ ಕ್ಲಬ್ಬಿಗೆ ಸಂಜೆ ಹೊತ್ತು ಒಬ್ಬ ಡಾಕ್ಟರು ಬರುತ್ತಿದ್ದರು. ಮಾವಳ್ಳಿಯವರು, ಮೆಡಿಕಲ್ ಕಾಲೇಜಿನಲ್ಲಿ ಶರೀರಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಆಟ ಏನೇನೂ ಬರದು, ಉತ್ಸಾಹ ಮಾತ್ರ ವಿಪರೀತ. ನನ್ನ ಗೋಳು ನೋಡಲಾರದೆ ಬಂದು ಪಕ್ಕದ ಬೆಂಚಿನಲ್ಲಿ ಕೂತರು.

"ನೋಡಮ್ಮ, ಹೊಸದು ಕಲಿಯೋವಾಗ ಮಿದುಳಿನ ಮುಂಭಾಗ ಎಲ್ಲಾ ಕೆಲ್ಸಾನೂ ತಾನೇ ಮೈಮೇಲೆ ಹಾಕ್ಕೊಳ್ಳುತ್ತೆ. ಕೈ ಎಲ್ಲಿ, ಕಾಲೆಲ್ಲಿ ಅಂತ ಒಂದೊಂದನ್ನೂ ಯೋಚ್ನೆ ಮಾಡುತ್ತೆ. ಅದಕ್ಕೇ ನಿಧಾನ. ಮಾಡ್ತಾ ಮಾಡ್ತಾ ಕೆಲ್ಸ ಒಳಗಿನ ಭಾಗಗಳಿಗೆ ಇಳಿಯುತ್ತೆ. ಹಿಂದುಗಡೆ ಚಿಕ್ಕಮಿದುಳು ಅಂತಿದೆ. ನೀನು ಮಾಡ್ಬೇಕು ಅಂದ್ಕೊಂಡಿದ್ದಕ್ಕೂ ನಿಜವಾಗಿ ಆಗಿದ್ದಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡಿ ನೋಡಿ ಅದು ತಿದ್ದುತ್ತೆ. ಮಲಗಿದಾಗ್ಲೂ ಆ ಕೆಲ್ಸ ಒಳಗೊಳಗೇ ಗಟ್ಟಿ ಆಗ್ತಿರುತ್ತೆ. ಅವಸರ ಮಾಡ್ಬೇಡ."

"ಹಳೇದು ಅಳಿಸಿ ಹೋಗೋದು ಯಾವಾಗ ಡಾಕ್ಟ್ರೇ?"

"ಅಳಿಸಿ ಎಲ್ಲಿ ಹೋಗುತ್ತೆ? ಪಕ್ಕದಲ್ಲಿ ಹೊಸದು ಬೆಳೆಯುತ್ತೆ ಅಷ್ಟೆ. ಯಾವುದು ಮೇಲೆದ್ದು ಬರುತ್ತೆ ಅನ್ನೋದು ಆಯಾ ಹೊತ್ತಿಗೆ ಸೇರಿದ್ದು."

ಆಗ ಆ ಮಾತು ನನಗೆ ಅಷ್ಟಾಗಿ ನಾಟಲಿಲ್ಲ. ಡಾಕ್ಟರು ಹೇಳಿದಂತೆ ನಿಧಾನವಾಗಿ ಕೈ ಹಿಡಿತಕ್ಕೆ ಬಂತು. ಕೋಚ್ ಬಕೆಟ್ ತುಂಬ ಚೆಂಡು ತಂದಿಡುತ್ತಿದ್ದರು. ಒಂದಾದ ಮೇಲೆ ಒಂದು ಎತ್ತಿ ಎಸೆದು ಸರ್ವ್ ಮಾಡುತ್ತಾ ಹೋಗುವುದು, ಬಕೆಟ್ ಖಾಲಿಯಾದರೆ ನೆಲದಿಂದ ಆರಿಸಿ ಮತ್ತೆ ತುಂಬುವುದು. ತಿಂಗಳೆರಡು ತಿಂಗಳಲ್ಲಿ ಎಡಗೈ ಚೆಂಡು ಬಿಟ್ಟ ತಕ್ಷಣ ಸರಿದುಕೊಳ್ಳತೊಡಗಿತು. ಭುಜವೂ ಮಾತು ಕೇಳಿತು. "ಬಂತು ನೋಡು!" ಎಂದು ಕೋಚ್ ಬೆನ್ನು ತಟ್ಟಿದರು. ಆ ಸಂಜೆ ಗಾಂಧಿಬಜಾರಿನಲ್ಲಿ ಮಸಾಲೆ ದೋಸೆ ತಿಂದು ಮಗಳಿಗೂ ಒಂದು ಕಟ್ಟಿಸಿಕೊಂಡು ಮನೆಗೆ ಹೋದೆ.

ಮಲ್ಲೇಶ್ವರದಲ್ಲಿ ಒಂದು ಟೂರ್ನಮೆಂಟ್. ಮೊದಲ ಪಂದ್ಯ, ಮೊದಲ ಸರ್ವ್. ಅಂಪೈರ್ ಕೈ ಎತ್ತಿದರು. "ಎಡಗೈ," ಎಂದರು. ನನಗೆ ನಂಬಿಕೆಯೇ ಬರಲಿಲ್ಲ. ನಾನು ತೆಗೆದಿದ್ದೆ! ತೆಗೆದ ಹಾಗೆ ನನಗೆ ಚೆನ್ನಾಗಿ ಅನಿಸಿತ್ತು. ಮೊದಲನೆಯದಕ್ಕೆ ಎಚ್ಚರಿಕೆ ಕೊಟ್ಟು ಬಿಟ್ಟರು, ಆಮೇಲೆ ಕೈ ಅಡ್ಡ ಬಂದ ಪ್ರತಿ ಸಲವೂ ಪಾಯಿಂಟ್ ಎದುರಿನವಳಿಗೆ. ಹನ್ನೊಂದರ ಆಟದಲ್ಲಿ ಹೀಗೆ ದಾನ ಮಾಡುತ್ತಾ ಹೋದರೆ ಏನು ಉಳಿಯುತ್ತದೆ? ಸ್ಕೋರ್ ಬಿಗಿಯಾದಷ್ಟೂ ಕೈ ಅಡ್ಡ ಬರುವುದು ಜಾಸ್ತಿಯಾಯಿತು. ಸೋತು ಹೊರಗೆ ಬಂದಾಗ ನನಗೆ ಅಳು ಬರಲಿಲ್ಲ, ಆ ಕೈಯನ್ನು ಕಿತ್ತು ಬಿಸಾಡೋಣ ಅನ್ನಿಸಿತು.

ಮಾರನೆಯ ದಿನ ಹಾಲ್‌ನಲ್ಲಿ ಅದೇ ಸರ್ವ್ ಬಕೆಟ್ ತುಂಬ ಮಾಡಿದೆ. ಒಂದೂ ತಪ್ಪಿಲ್ಲ. ಮುಂದಿನ ಲೀಗ್ ಪಂದ್ಯದಲ್ಲಿ ಮತ್ತೆ ಅಂಪೈರ್ ಕೈ ಮೇಲೆ. ಹಾಲ್‌ನಲ್ಲಿ ಸರಿ, ಪಂದ್ಯದಲ್ಲಿ ತಪ್ಪು. ಹುಚ್ಚು ಹಿಡಿಯುವುದೊಂದು ಬಾಕಿ.

ಕೋಚ್‌ಗೂ ತಲೆ ಕೆಟ್ಟಿತು. ಸೈಕಲ್ ಟ್ಯೂಬಿನ ಪಟ್ಟಿಯೊಂದನ್ನು ತಂದು ಒಂದು ತುದಿಯನ್ನು ನನ್ನ ಎಡ ಮಣಿಕಟ್ಟಿಗೆ, ಇನ್ನೊಂದನ್ನು ಸೊಂಟದ ಹಿಂದೆ ಬೆಲ್ಟಿಗೆ ಕಟ್ಟಿದರು. ಚೆಂಡು ಎಸೆದ ತಕ್ಷಣ ಟ್ಯೂಬು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ಕಟ್ಟಿಹಾಕಿದ ಹಸುವಿನ ಹಾಗೆ ಮೂರು ವಾರ ಆ ಟ್ಯೂಬಿನಲ್ಲಿ ಆಡಿದೆ. ಬಿಚ್ಚಿದ ದಿನ ಕೈ ಮೊದಲಿಗಿಂತ ಜೋರಾಗಿ ಮುಂದಕ್ಕೆ ನುಗ್ಗಿತು. ಡಾಕ್ಟರು ತಲೆ ಚಚ್ಚಿಕೊಂಡರು. "ಅಯ್ಯೋ, ಎಳೆಯೋ ಕೆಲ್ಸ ಟ್ಯೂಬ್ ಮಾಡ್ತು ಕಣಮ್ಮ. ನಿನ್ನ ಕೈ ಅದಕ್ಕೆ ಎದುರಾಗಿ ತಳ್ಳೋದನ್ನ ಕಲ್ತುಕೊಂಡ್ತು!"

ಆ ದಿನಗಳಲ್ಲಿ ನಾನು ಆ ಕೈಯ ಜೊತೆ ಒಂದೇ ಕೋಣೆಯಲ್ಲಿ ಬೀಗ ಹಾಕಿಸಿಕೊಂಡ ಹಾಗೆ ಬದುಕಿದೆ. ಎಲ್ಲಿ ಹೋದರೂ ಅದು ಜೊತೆಗಿತ್ತು. ಬಸ್ಸಿನಲ್ಲಿ ಕಂಬಿ ಹಿಡಿದರೆ ಎಡಗೈ ಎಲ್ಲಿದೆ ಎಂದು ನೋಡಿಕೊಳ್ಳುತ್ತಿದ್ದೆ. ಕೌಂಟರಿನಲ್ಲಿ ಸೀಲ್ ಒತ್ತುವಾಗ ನೋಡಿಕೊಳ್ಳುತ್ತಿದ್ದೆ. ಒಲೆ ಮುಂದೆ ನಿಂತು ದೋಸೆ ಮಗುಚುವಾಗ ಕೈ ಎದೆಯ ಮುಂದೆ ಬಂದಿದ್ದು ಕಂಡು ಸಟ್ಟುಗವನ್ನು ಎತ್ತಿ ಎಸೆದುಬಿಟ್ಟೆ. ಮಗಳು ಹೆದರಿ ಹೊರಗೆ ಓಡಿದಳು. ವರ್ಗಾವಣೆಯ ಮಾತು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ಆದರೆ ಮಗಳು ಒಂದು ದಿನ "ಅಮ್ಮ, ನೀನು ಬೇರೆ ಊರಿಗೆ ಹೋದ್ರೆ ನನಗೆ ಜಡೆ ಯಾರು ಹಾಕ್ತಾರೆ?" ಎಂದು ಕೇಳಿದಳು. ನನಗೆ ಭಯವಾಗಿತ್ತು. ಹೇಳಿಕೊಳ್ಳುವುದಕ್ಕೆ ನಾಚಿಕೆಯೇನಿಲ್ಲ.

ಕೊನೆಗೆ ನನ್ನವರೇ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಬಂದರು. ಒಂದು ದಿನ ಹಾಲ್‌ನ ಪ್ರಾಕ್ಟೀಸು, ಇನ್ನೊಂದು ದಿನ ಮಲ್ಲೇಶ್ವರದ ಲೀಗ್ ಪಂದ್ಯ, ಎರಡನ್ನೂ ತೆಗೆದರು. ಭಾನುವಾರ ಮಧ್ಯಾಹ್ನ ಸ್ಟುಡಿಯೋ ಬಾಗಿಲು ಅರ್ಧ ಎಳೆದುಕೊಂಡು ಟಿವಿ ಮುಂದೆ ಕೂತೆವು. ನಾನು ಎಡಗೈಯನ್ನೇ ನೋಡುತ್ತಿದ್ದೆ. ಪಂದ್ಯದಲ್ಲಿ ಅದು ನಿಜವಾಗಿಯೂ ಅಡ್ಡ ನಿಂತಿತ್ತು. ತೆಗೆದೆ ಎಂದು ನಾನು ಆಣೆ ಇಟ್ಟು ಹೇಳುತ್ತಿದ್ದ ಸರ್ವ್‌ಗಳಲ್ಲೂ ನಿಂತಿತ್ತು.

ಅವರು ಮಾತ್ರ ಟೇಪನ್ನು ಹಿಂದಕ್ಕೆ ಓಡಿಸಿ, ಸರ್ವ್‌ಗೆ ಮುಂಚಿನ ಭಾಗವನ್ನೇ ಮತ್ತೆ ಮತ್ತೆ ನೋಡುತ್ತಿದ್ದರು.

"ಅಲ್ಲೇನಿದೆ ರೀ? ಮುಂದಕ್ಕೆ ಬಿಡಿ," ಎಂದು ರೇಗಿದೆ.

"ಇರು ಕಣೇ. ತಾಳಿ ಕಟ್ಟೋದನ್ನ ತೆಗೀಬೇಕು ಅಂದ್ರೆ ನಾವು ತಾಳಿ ನೋಡ್ತಾ ನಿಂತ್ಕೊಳ್ಳಲ್ಲ. ಪುರೋಹಿತರು ಗಟ್ಟಿಮೇಳಕ್ಕೆ ಅಂತ ಓಲಗದವರ ಕಡೆ ಕೈ ಎತ್ತುತ್ತಾರಲ್ಲ, ಅದನ್ನ ನೋಡ್ತಿರ್ತೀವಿ. ಮುಂದಿನದೆಲ್ಲ ಅಲ್ಲಿಂದಲೇ ಶುರು." ಟೇಪ್ ನಿಲ್ಲಿಸಿ ಪರದೆಗೆ ಬೆರಳಿಟ್ಟರು. "ಇದೇನು ಮಾಡ್ತಿದೀಯ ಇಲ್ಲಿ?"

"ನಮಸ್ಕಾರ. ಟೇಬಲ್‌ಗೆ."

"ಪ್ರಾಕ್ಟೀಸ್ ಟೇಪಲ್ಲಿ ಇದು ಇಲ್ವಲ್ಲ?"

ಇಷ್ಟು ಹೊತ್ತು ನಾನು ಇದನ್ನು ಹೇಳಲೇ ಇಲ್ಲ. ಏಕೆಂದರೆ ಅದು ಸರ್ವ್‌ಗೆ ಸೇರಿದ್ದು ಎಂದು ನನಗೆ ಹೊಳೆದೇ ಇರಲಿಲ್ಲ. ಚಿಕ್ಕಂದಿನಲ್ಲಿ ನನಗೆ ಬ್ಯಾಟು ಹಿಡಿಸಿದ ಮೇಷ್ಟ್ರು ಟೇಬಲ್ಲಿನ ಅಂಚು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಯಾರನ್ನೂ ಆಡಲು ಬಿಡುತ್ತಿರಲಿಲ್ಲ. ಕಾಲಿಗೆ ಪುಸ್ತಕ ತಗುಲಿದರೆ ಮಾಡುತ್ತೇವಲ್ಲ, ಹಾಗೆ. ಬರಬರುತ್ತಾ ನಾನು ಪಂದ್ಯದಲ್ಲಿ ಪ್ರತಿ ಸಲ ಸರ್ವ್ ನನ್ನ ಕೈಗೆ ಬಂದಾಗಲೂ ಮಾಡತೊಡಗಿದ್ದೆ, ಬಿಗಿಯಾದಾಗ ಪ್ರತಿ ಚೆಂಡಿಗೂ. ಬ್ಯಾಟು ಚೆಂಡು ಎರಡನ್ನೂ ಎಡಗೈಗೆ ಕೊಟ್ಟು, ಬಲಗೈಯಿಂದ ಟೇಬಲ್ ಮುಟ್ಟಿ ಕಣ್ಣಿಗೊತ್ತಿಕೊಂಡು, ಮತ್ತೆ ಬಲಗೈಗೆ ಬ್ಯಾಟು ತೆಗೆದುಕೊಳ್ಳುವುದು. ಆಗ ಎಡಗೈ ಎಲ್ಲಿರುತ್ತದೆ? ಎದೆಯ ಮುಂದೆ ಅಡ್ಡ! ಬಕೆಟ್ ಪ್ರಾಕ್ಟೀಸಿನಲ್ಲಿ ಯಾರು ಚೆಂಡು ಚೆಂಡಿಗೂ ನಮಸ್ಕಾರ ಮಾಡುತ್ತಾರೆ? ಬಂದ ತಕ್ಷಣ ಒಂದು ಸಲ ಮಾಡಿ ಶುರು ಹಚ್ಚಿಕೊಂಡರೆ ಮುಗಿಯಿತು.

ಡಾಕ್ಟರಿಗೆ ಹೇಳಿದಾಗ ಕುರ್ಚಿಯಿಂದ ಎದ್ದೇಬಿಟ್ಟರು. "ಅಲ್ಲಿಗೆ ಸರಿಹೋಯ್ತು! ಮಿದುಳಿನ ಲೆಕ್ಕದಲ್ಲಿ ನಿನ್ನ ಸರ್ವ್ ಚೆಂಡು ಎಸೆದಾಗ ಶುರುವಾಗಲ್ಲ, ಟೇಬಲ್ ಮುಟ್ಟಿದಾಗ್ಲೇ ಶುರು. ಅದೊಂದು ಸರಪಳಿ. ಮೊದಲ ಕೊಂಡಿ ಎಳೆದ್ರೆ ಕೊನೇದು ತಾನಾಗೇ ಬರುತ್ತೆ. ನೀನು ಹೊಸ ಸರ್ವ್ ಕಲ್ತಿದೀಯ ನಿಜ. ಆದ್ರೆ ನಮಸ್ಕಾರದ ಬಾಗಿಲ ಹಿಂದೆ ಇನ್ನೂ ಹಳೇದೇ ಕೂತಿದೆ."

ನಮಸ್ಕಾರ ಬಿಟ್ಟುಬಿಡುವುದು ಸುಲಭದ ದಾರಿ ಎನಿಸಿತು. ಬಿಟ್ಟು ನೋಡಿದೆ. ಕೈ ಟೇಬಲ್ಲನ್ನು ಹುಡುಕಿಕೊಂಡು ಹೋಗುತ್ತಿತ್ತು. ತಡೆದರೆ ಎಲ್ಲಿಂದ ಶುರು ಮಾಡಬೇಕೆಂದೇ ಗೊತ್ತಾಗದೆ ಚೆಂಡು ಹಿಡಿದು ನಿಂತುಬಿಡುತ್ತಿದ್ದೆ. ಮನಸ್ಸಿಗೂ ಏನೋ ಕಸಿವಿಸಿ, ಅಪಚಾರ ಮಾಡಿದ ಹಾಗೆ. ಆಯ್ಕೆಗೆ ಎರಡು ತಿಂಗಳೂ ಉಳಿದಿರಲಿಲ್ಲ. ಆಗ ತೀರ್ಮಾನ ಮಾಡಿದೆ. ಬಿಡುವುದು ಬೇಡ, ಪ್ರಾಕ್ಟೀಸಿಗೂ ತರೋಣ. ಒಂದೊಂದು ಚೆಂಡಿಗೂ ಟೇಬಲ್ ಮುಟ್ಟಿ, ಕಣ್ಣಿಗೊತ್ತಿ, ಬ್ಯಾಟು ಬದಲಿಸಿ, ಆಮೇಲೆ ಹೊಸ ಸರ್ವ್. ಹಳೆಯ ಸರಪಳಿಗೇ ಹೊಸ ಕೊನೆ ಕಟ್ಟುವುದು.

ಕೋಚ್ ಕೆಂಡವಾದರು. "ಹೀಗೆ ಪೂಜೆ ಮಾಡ್ತಾ ಕೂತ್ರೆ ದಿನಕ್ಕೆ ಎಷ್ಟು ಸರ್ವ್ ಆಗುತ್ತಮ್ಮ? ಬಕೆಟ್ ಅರ್ಧಾನೂ ಖಾಲಿ ಆಗಲ್ಲ!"

"ಬಕೆಟ್ಟೇ ಬೇಡ ಸರ್. ಒಂದು ಚೆಂಡು ಸಾಕು."

"ನಿನ್ನಿಷ್ಟ. ಆಮೇಲೆ ನನ್ನ ಹತ್ರ ಅಳ್ತಾ ಬರ್ಬೇಡ."

ಪಂದ್ಯದ ಹಾಗೇ ಇರಬೇಕು ಎಂದರೆ ಎದುರಿಗೆ ಒಬ್ಬರು ಬೇಕು, ಸ್ಕೋರ್ ಕೂಗಬೇಕು. ತಂಡದ ಉಳಿದಿಬ್ಬರು ಬರುತ್ತಿದ್ದದ್ದು ಸಂಜೆಗೆ, ಮಧ್ಯಾಹ್ನದ ಹೊತ್ತು ಹಾಲ್‌ನಲ್ಲಿ ಇರುತ್ತಿದ್ದದ್ದು ಆ ಹೊಸ ಹುಡುಗಿ ಒಬ್ಬಳೇ. ಮತ್ತಿಕೆರೆಯಲ್ಲಿ ಗೆಳತಿಯರ ಜೊತೆ ರೂಮು ಮಾಡಿಕೊಂಡಿದ್ದಳು, ಎರಡು ಬಸ್ಸು ಹಿಡಿದು ಬರುತ್ತಿದ್ದಳು. ಕೇಳಿದೆ. "ಅದಕ್ಕೇನಕ್ಕಾ, ಬನ್ನಿ," ಎಂದು ಎದುರು ನಿಂತಳು. "ಒಂಬತ್ತು-ಒಂಬತ್ತು! ಹತ್ತು-ಹತ್ತು! ಅಂಪೈರ್ ನಿಮ್ಮನ್ನೇ ಗುರಾಯಿಸ್ತಿದಾರೆ ಅಕ್ಕಾ!" ಎಂದು ಬೇಕೆಂತಲೇ ಹೆದರಿಸುತ್ತಿದ್ದಳು. ಕೈ ಅಡ್ಡ ಬಂದರೆ ಮುಲಾಜಿಲ್ಲದೆ "ಫಾಲ್ಟ್!" ಎಂದು ಕಿರುಚುತ್ತಿದ್ದಳು.

ಒಂದು ದಿನ ಕೋಚ್ ನನ್ನನ್ನು ಪಕ್ಕಕ್ಕೆ ಕರೆದರು. "ನಿನಗೆ ಬುದ್ಧಿ ಇದೆಯಾ? ನಿನ್ನ ಜಾಗಕ್ಕೆ ಬರೋಳು ಅವಳೇ. ದಿನಾ ಅವಳ ಮುಂದೇನೇ ಸರ್ವ್ ಮಾಡ್ತಿದೀಯಲ್ಲ."

ಗೊತ್ತಿತ್ತು. ಆದರೆ ನನಗೆ ಆಗ ಆ ಕೈಯಿಂದ ಬಿಡುಗಡೆ ಬೇಕಿತ್ತು. "ಬೇರೆ ಯಾರಿದಾರೆ ಸರ್?" ಎಂದೆ.

ಮೊದಲ ದಿನಗಳಲ್ಲಿ ನಮಸ್ಕಾರವಾದ ಕೂಡಲೇ ಕೈ ಹಳೆಯ ಜಾಗಕ್ಕೇ ಹೋಗುತ್ತಿತ್ತು. ಆಮೇಲೆ ಎರಡರ ನಡುವೆ ತಡವರಿಸತೊಡಗಿತು. ಒಂದು ಮಧ್ಯಾಹ್ನ ಹುಡುಗಿ ಎಷ್ಟು ಹೊತ್ತಾದರೂ "ಫಾಲ್ಟ್" ಎನ್ನಲಿಲ್ಲ. ಮರೆತಳೇನೋ ಎಂದುಕೊಂಡು, "ಯಾಕೆ ಸುಮ್ಮನಿದೀಯ?" ಎಂದೆ. "ಇದ್ರೆ ತಾನೇ ಅಕ್ಕಾ ಹೇಳೋದು!" ಎಂದು ನಕ್ಕಳು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಆಯ್ಕೆಯ ಪಂದ್ಯಗಳು ಅದೇ ಹಾಲ್‌ನಲ್ಲಿ. ನಾಲ್ವರೂ ಒಬ್ಬರ ಮೇಲೊಬ್ಬರು ಆಡಬೇಕು. ತಂಡದ ಉಳಿದಿಬ್ಬರು ನಮಗಿಂತ ಮೇಲಿನವರು, ನಮ್ಮಿಬ್ಬರನ್ನೂ ಸೋಲಿಸಿ ಆರಾಮಾಗಿ ಕೂತರು. ಉಳಿದದ್ದು ಒಂದು ಜಾಗ, ನಾನು ಮತ್ತು ಆ ಹುಡುಗಿ.

ಐದನೇ ಗೇಮಿನವರೆಗೂ ಹೋಯಿತು. ಅಂಪೈರ್ ಒಂದು ಸಲವೂ ಕೈ ಎತ್ತಲಿಲ್ಲ. ಎಷ್ಟೋ ತಿಂಗಳ ಮೇಲೆ ನಾನು ಕೈಯನ್ನು ಮರೆತು ಚೆಂಡನ್ನು ನೋಡಿದೆ. ಅದೆಂಥ ಸುಖ! ಮೈ ಹಗುರಾಗಿತ್ತು. ಹತ್ತು-ಹತ್ತು. ಸರ್ವ್ ನನ್ನದು. ಟೇಬಲ್ ಮುಟ್ಟಿ ಕಣ್ಣಿಗೊತ್ತಿಕೊಂಡೆ, ಬ್ಯಾಟು ಬದಲಿಸಿದೆ, ಎಸೆದೆ. ಎಡಗೈ ತಾನಾಗಿ ಸರಿಯಿತು. ಅಡಿಯನ್ನು ಕೆರೆದ ಹಾಗೆ ಮಾಡಿ ಸುಮ್ಮನೆ ತಳ್ಳಿದೆ. ನಾನು ಜೀವನದಲ್ಲಿ ಮಾಡಿದ ಒಳ್ಳೆಯ ಸರ್ವ್‌ಗಳಲ್ಲಿ ಅದೂ ಒಂದು. ಆದರೆ ಮರೆ ಇಲ್ಲ. ಬ್ಯಾಟು ಚೆಂಡಿಗೆ ತಾಗಿದ್ದನ್ನು ಅವಳು ನೋಡಿದಳು. ವಾರಗಟ್ಟಲೆ ಎದುರು ನಿಂತು ನೋಡಿದ್ದವಳು, ಚೆಂಡು ಇನ್ನೂ ನನ್ನ ಕಡೆ ಇರುವಾಗಲೇ ಹೆಜ್ಜೆ ಮುಂದಿಟ್ಟಿದ್ದಳು. ನನ್ನ ಮಿದುಳು ಕಲಿಯುತ್ತಿದ್ದಷ್ಟು ದಿನವೂ ಅವಳದೂ ಕಲಿಯುತ್ತಿತ್ತು. ಅವಳು ಹೊಡೆದ ಚೆಂಡು ನನ್ನ ಬಲಗಡೆ ಹೋಗಿ ಗೋಡೆಗೆ ಬಡಿಯಿತು. ಮುಂದಿನ ಪಾಯಿಂಟ್ ಅವಳ ಸರ್ವ್, ಅದೂ ಹೋಯಿತು.

ಕೋಚ್ ಎದ್ದು ಕಿಟಕಿ ಮುಚ್ಚುವುದಕ್ಕೆ ಹೋದರು. ಡಾಕ್ಟರು ಮಾತ್ರ ಚಪ್ಪಾಳೆ ತಟ್ಟುತ್ತಿದ್ದರು, ಯಾರಿಗೆ ಎಂದು ನನಗೆ ತಿಳಿಯಲಿಲ್ಲ.

ಬೇಸಿಗೆ ರಜದ ಹೊತ್ತಿಗೆ ಆರ್ಡರ್ ಬಂತು. ರಾಯಚೂರು. ಮಗಳು ಅಪ್ಪನ ಜೊತೆ ಇಲ್ಲೇ ಇರುವುದು, ಎರಡು ವಾರಕ್ಕೊಮ್ಮೆ ನಾನು ಬಂದು ಹೋಗುವುದು ಎಂದಾಯಿತು. ಹೊರಡುವ ಹಿಂದಿನ ದಿನ ಲಾಕರಿನಿಂದ ಶೂಸು, ಟವೆಲ್ಲು ತೆಗೆದುಕೊಂಡು ಬರೋಣವೆಂದು ಹಾಲ್‌ಗೆ ಹೋದೆ. ಹುಡುಗಿ ಒಬ್ಬಳೇ ಇದ್ದಳು. ನನ್ನ ಮುಖ ನೋಡಲು ಸಂಕೋಚಪಡುತ್ತಿದ್ದಳು.

"ನಿನ್ನ ಮೇಲೆ ಸಿಟ್ಟಿಲ್ಲ ಕಣೇ," ಎಂದೆ. ಸ್ವಲ್ಪ ಇತ್ತು, ಆದರೂ ಹಾಗೆಂದೆ.

"ಅಕ್ಕಾ, ಒಂದು ಕೇಳ್ಲಾ? ನಿಮ್ಮ ಆ ಹಳೇ ಸರ್ವ್ ಬಗ್ಗೆ ಎಲ್ಲರೂ ಹೇಳ್ತಾರೆ. ಕೈ ಅಡ್ಡ ಬಂದಾಗೆಲ್ಲ ನಾನು ಫಾಲ್ಟ್ ಅಂತ ಬಿಟ್ಬಿಡ್ತಿದ್ದೆ, ಒಂದ್ಸಲಾನೂ ಆಡಿಲ್ಲ ಅದನ್ನ. ಹೋಗೋಕೆ ಮುಂಚೆ ಒಂದೇ ಒಂದ್ಸಲ ಮಾಡ್ತೀರಾ?"

ನನಗೆ ಖುಷಿಯೇ ಆಯಿತು. ಇಲ್ಲಿ ಅಂಪೈರ್ ಇಲ್ಲ, ರೂಲ್ ಇಲ್ಲ. ಬ್ಯಾಗು ಕೆಳಗಿಟ್ಟು, ಅವಳ ಬ್ಯಾಟನ್ನೇ ಇಸಿದುಕೊಂಡು, ಟೇಬಲ್ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಚೆಂಡು ಎಸೆದೆ.

ಎಡಗೈ ದೂರ ಸರಿಯಿತು.

"ಇದಲ್ಲ ಅಕ್ಕಾ, ಇದು ಹೊಸದು."

"ಇರು, ಇರು." ಮತ್ತೆ ಎಸೆದೆ. ಮತ್ತೆ ಸರಿಯಿತು. ನಮಸ್ಕಾರ ಬಿಟ್ಟು ಎಸೆದೆ, ಬೆನ್ನು ಬಗ್ಗಿಸಿ ಎಸೆದೆ. ಅವಳು ಆ ತುದಿಯಲ್ಲಿ ಬಗ್ಗಿ, ಕಣ್ಣು ಮಿಟುಕಿಸದೆ ಕಾಯುತ್ತಿದ್ದಳು. ಕೊನೆಗೆ ಹಲ್ಲು ಕಚ್ಚಿ, ಎಡಗೈಯನ್ನು ಬಲವಂತವಾಗಿ ಎದೆಯ ಮುಂದೆ ತಂದು ಹಿಡಿದು ಬ್ಯಾಟು ಬೀಸಿದೆ. ಚೆಂಡು ಬ್ಯಾಟಿಗೆ ಸಿಗಲೇ ಇಲ್ಲ.